ಮರಬಾಳೆಗೆ ಮಚ್ಚು ಹಾಕಬೇಡಿ

ದೇವರಾಯನದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಮಾವು ಇಳಿಸಿದ ಮೇಲೆ ಮರ ಸವರುತ್ತಾರೆ. ಒಣ ಕೊಂಬೆಯ ಜೊತೆ ಮರದ ಸಾರ ಹೀರುವ ಬದನಿಕೆಯನ್ನೂ ತೆಗೆಯುತ್ತಾರೆ. ತೆಗೆಯಲೇಬೇಕು, ಬಿಟ್ಟರೆ ಕೊಂಬೆಯೇ ಸೊರಗುತ್ತದೆ. ನನ್ನ ಸಂಕಟ ಬೇರೆ. ನಮ್ಮ ದೊಡ್ಡಪ್ಪನಿಗೆ ಮರದ ಮೇಲೆ ಬೆಳೆದದ್ದೆಲ್ಲ ಬದನಿಕೆಯೇ. ಹೀಗಾಗಿ ಮರಬಾಳೆ ಅನ್ನುವ ಆರ್ಕಿಡ್‌ಗೂ ಮಚ್ಚಿನ ಏಟು ಬೀಳುತ್ತದೆ.

ಆರ್ಕಿಡ್ ಅಂದ ಕೂಡಲೇ ಮಲೆನಾಡಿನ ಸೀತಾಳೆ ದಂಡೆ ನೆನಪಾಗುತ್ತದೆ, ಅಲ್ವಾ? ಮರಬಾಳೆ ನಮ್ಮ ಬಯಲುಸೀಮೆಯ ಬಿಸಿಲು ತಡೆಯುವ ಆರ್ಕಿಡ್. ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಹಸಿರು ಬೆರೆತ ಹಳದಿ ಎಸಳಿನ ಮೇಲೆ ಕಂದು ಗೆರೆಗಳು ಚೌಕಳಿ ಸೀರೆಯ ಹಾಗೆ ಹೆಣೆದುಕೊಂಡಿರುತ್ತವೆ. ಅಂಚು ಅಲೆ ಅಲೆ. ಎಸಳಿನ ಬೆನ್ನು ಬಿಳಿ. ನಡುವೆ ನೀಲಿ-ನೇರಳೆ ತುಟಿ. ಘಮವೂ ಇದೆ.

1795ರಲ್ಲಿ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಎಪಿಡೆಂಡ್ರಮ್ ಟೆಸಲೇಟಮ್ ಎಂದು ಕರೆದರು. 1820ರಲ್ಲಿ ರಾಬರ್ಟ್ ಬ್ರೌನ್ ವಂಡಾ ರಾಕ್ಸ್‌ಬರ್ಗಿ ಅಂದರು. ಹಳೆಯ ಔಷಧಿ ಗಿಡಗಳ ಪುಸ್ತಕಗಳಲ್ಲಿ ಹುಡುಕುವವರಿಗೆ ಈ ಹೆಸರೇ ಜಾಸ್ತಿ ಸಿಗುತ್ತದೆ. ಈಗ ಚಾಲ್ತಿಯಲ್ಲಿರುವುದು ವಂಡಾ ಟೆಸಲೇಟಾ. ಟೆಸಲೇಟಾ ಅಂದರೆ ಆ ಚೌಕಳಿಯೇ. ವಂಡಾ ಬಂದದ್ದು ಸಂಸ್ಕೃತದ ವಂದಾದಿಂದ. ಬದನಿಕೆಗೂ ಅದೇ ಹೆಸರು! ದೊಡ್ಡಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ?

ಗುರುತು ಬೇರಿನಲ್ಲಿದೆ. ಬದನಿಕೆ ಕೊಂಬೆಯೊಳಗೇ ಬೇರು ಚುಚ್ಚಿ ಮರದ ನೀರು, ಸಾರ ಹೀರುತ್ತದೆ. ಅದು ಹಿಡಿದ ಜಾಗ ಗಂಟು ಕಟ್ಟಿರುತ್ತದೆ. ಮರಬಾಳೆಯ ಬೇರು ತೊಗಟೆಯ ಮೇಲಷ್ಟೇ ಅಂಟಿಕೊಂಡಿರುತ್ತದೆ, ಕೆಲವು ಸುಮ್ನೆ ಗಾಳಿಯಲ್ಲಿ ಜೋತಾಡುತ್ತವೆ. ದಪ್ಪಗೆ, ಬೂದು ಬಿಳುಪು. ಮಳೆ ಬಿದ್ದರೆ ಸ್ಪಂಜಿನಂಥ ಹೊರಪದರ ನೀರು ಕುಡಿದು ಹಸಿರಾಗುತ್ತದೆ. ಆಹಾರ ಅದೇ ತಯಾರಿಸಿಕೊಳ್ಳುತ್ತದೆ. ಮರದಿಂದ ಅದು ಕೇಳುವುದು ಕೂರಲು ಜಾಗ, ಅಷ್ಟೇ.

ಇದರ ಬೀಜ ಧೂಳಿನಷ್ಟು ಸಣ್ಣದು. ತಕ್ಕ ಶಿಲೀಂಧ್ರದ ಆಸರೆ ಸಿಗದಿದ್ದರೆ ಕಾಡಿನಲ್ಲಿ ಮೊಳೆಯುವುದಿಲ್ಲ. ಕಡಿದ ಜಾಗದಲ್ಲಿ ಇನ್ನೊಂದು ಬರುತ್ತದೆ ಅನ್ನುವ ಭರವಸೆ ಇಲ್ಲ.

ಈ ಸಲ ದೊಡ್ಡಪ್ಪನಿಗೆ ಎರಡೂ ಬೇರು ತೋರಿಸಿದೆ. "ಹಂಗಾದ್ರೆ ಇದು ಇರ್ಲಿ ಬಿಡಮ್ಮ" ಅಂದರು. ನಿಮ್ಮ ತೋಟದಲ್ಲಿ ಕೊಂಬೆ ಆಗಲೇ ಬಿದ್ದಿದ್ದರೆ ಗಿಡವನ್ನು ಬೇರು ಮುರಿಯದಂತೆ ಬಿಡಿಸಿ, ಪಕ್ಕದ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿ. ಮಣ್ಣಿನಲ್ಲಿ ಮಾತ್ರ ಹೂಳಬೇಡಿ, ಬೇರು ಕೊಳೆಯುತ್ತದೆ.