ಅಮ್ಮ ತುಳಿದ ಕಾಗದ

ಹೋದ ಬೇಸಿಗೆಯಲ್ಲಿ ಅಮ್ಮ ತುಮಕೂರಿನಿಂದ ಮ್ಯೂನಿಕ್‌ಗೆ ಬಂದಿದ್ದಳು. ಒಂದು ದಿನ ವಿಶ್ವವಿದ್ಯಾಲಯದ ಮುಂದಿನ ಚೌಕದಲ್ಲಿ ನಡೆಯುತ್ತಿದ್ದೆವು. ಇದ್ದಕ್ಕಿದ್ದಂತೆ ಅಮ್ಮ ಕಾಲು ಹಿಂದಕ್ಕೆ ಎಳೆದುಕೊಂಡು, ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನೆಲದ ಮೇಲೆ ಕಾಗದಗಳು ಚೆಲ್ಲಾಡಿ ಬಿದ್ದಿದ್ದವು. ಒಂದರ ಮೇಲೆ ಅವಳ ಚಪ್ಪಲಿ ಬಿದ್ದಿತ್ತು. ಕಾಗದ ತುಳಿದರೆ ಸರಸ್ವತಿಯನ್ನು ತುಳಿದ ಹಾಗೆ. ನಮಗೂ ಚಿಕ್ಕಂದಿನಲ್ಲಿ ಅದೇ ಪಾಠ ಅಲ್ವಾ?

"ಇದೇನೇ, ಕೈಗೆ ಬರ್ತಾ ಇಲ್ಲ, ಅಂಟಿಕೊಂಡುಬಿಟ್ಟಿದೆ" ಅಂದಳು.

ಬರುವುದಿಲ್ಲ. ಅದು ಸ್ಮಾರಕ. ಗಾಳಿಗೆ ಹಾರಿ ಬಿದ್ದ ಕರಪತ್ರಗಳ ಹಾಗೆ ಕಾಣಲಿ ಅಂತ ಕಲ್ಲುಹಾಸಿನ ನಡುವೆ ಹುದುಗಿಸಿದ್ದಾರೆ. ಎಷ್ಟೋ ಜನ ಗಮನಿಸದೆ ಮೇಲೆಯೇ ಸೈಕಲ್ ಓಡಿಸಿಕೊಂಡು ಹೋಗುತ್ತಾರೆ. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ತುಳಿದುಕೊಂಡೇ ಓಡಾಡಿದ್ದೆ. ಕಣ್ಣಿಗೆ ಒತ್ತಿಕೊಂಡವರನ್ನು ನಾನು ನೋಡಿದ್ದು ಅಮ್ಮ ಒಬ್ಬಳನ್ನೇ.

ಚೌಕಕ್ಕೆ ಅಣ್ಣ ತಂಗಿಯ ಹೆಸರಿಟ್ಟಿದ್ದಾರೆ: ಹಾನ್ಸ್ ಶೋಲ್, ಸೋಫಿ ಶೋಲ್. ಹಿಟ್ಲರನ ವಿರುದ್ಧ ಕರಪತ್ರ ಹಂಚಿದ್ದಕ್ಕೆ 1943ರ ಫೆಬ್ರವರಿ 22ರಂದು ಇಬ್ಬರ ತಲೆಯನ್ನೂ ಕಡಿದರು. ಸೋಫಿಗೆ 21, ಹಾನ್ಸ್‌ಗೆ 24. ಜರ್ಮನಿಯಲ್ಲಿ ಯಾವ ಊರಿಗೆ ಹೋದರೂ ಇವರ ಹೆಸರಿನದೊಂದು ಶಾಲೆಯೋ ರಸ್ತೆಯೋ ಸಿಗುತ್ತದೆ. ನಮ್ಮಲ್ಲಿ ಭಗತ್ ಸಿಂಗ್ ಇದ್ದಂತೆ ಅನ್ನಿ.

ನನ್ನ ಮಗಳು ಒಂಬತ್ತನೇ ಕ್ಲಾಸು. ಅವಳ ರೆಫೆರಾಟ್‌ಗೆ, ಅಂದರೆ ಕ್ಲಾಸಿನ ಮುಂದೆ ನಿಂತು ಹತ್ತು ನಿಮಿಷ ಮಾತಾಡುವ ಹೋಂವರ್ಕಿಗೆ, ಸೋಫಿ ಬಂದಿದ್ದಳು. ಅದಕ್ಕೇ ನಾವು ಮೂವರೂ ಅವತ್ತು ಅಲ್ಲಿಗೆ ಹೋಗಿದ್ದು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದ್ದಳು:

"ಅಮ್ಮಾ, ಸೋಫಿ ಮೊದಲು ಹಿಟ್ಲರ್ ಕಡೆನೇ ಇದ್ದಳಂತೆ. ಲೀಡರ್ ಬೇರೆ ಆಗಿದ್ದಳಂತೆ. ಸ್ಲೈಡಲ್ಲಿ ಹಾಕಲಾ, ಬೇಡ್ವಾ?"

"ಯಾಕೆ ಬೇಡ?"

"ಕಥೆ ಕೆಟ್ಟುಹೋಗುತ್ತೆ."

ನನಗೋ, ಕಥೆ ಶುರುವಾಗುವುದೇ ಅಲ್ಲಿಂದ ಅನ್ನಿಸಿತು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಶೋಲ್ ಕುಟುಂಬ ಉಲ್ಮ್‌ನಲ್ಲಿತ್ತು. ಮ್ಯೂನಿಕ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆಯೂ ಆಗದ ಊರು. ಹಾನ್ಸ್‌ಗೆ ಆಗ 14, ಸೋಫಿಗೆ 11. ಅಪ್ಪ ರಾಬರ್ಟ್ ಶೋಲ್ ಹಿಂದೆ ಸಣ್ಣ ಊರೊಂದರ ಮೇಯರ್ ಆಗಿದ್ದವರು. ಹಿಟ್ಲರನನ್ನು ಮೊದಲ ದಿನದಿಂದಲೂ ಕಂಡರಾಗದು. ಕೊಳಲೂದಿ ಊರಿನ ಮಕ್ಕಳನ್ನೆಲ್ಲ ಕರೆದೊಯ್ದನಲ್ಲ ಹ್ಯಾಮೆಲಿನ್‌ನ ಇಲಿ ಹಿಡಿಯುವವನು, ನಾವು ಕಿಂದರಿಜೋಗಿ ಅನ್ನುತ್ತೇವಲ್ಲ, ಅವನ ಥರ ಇವನು ಅಂತ ಮಕ್ಕಳಿಗೆ ಹೇಳುತ್ತಿದ್ದರಂತೆ. ಮಕ್ಕಳು ಕೇಳಲಿಲ್ಲ. ಹಾನ್ಸ್ ಹಿಟ್ಲರನ ಹುಡುಗರ ದಳವಾದ ಹಿಟ್ಲರ್ ಯೂತ್ ಸೇರಿದ. ಸೋಫಿ ಸಣ್ಣ ಹುಡುಗಿಯರ ದಳ ಸೇರಿದಳು. ಇಬ್ಬರೂ ತಂಡದ ನಾಯಕರೂ ಆದರು. ಹಾನ್ಸ್ ಗೋಡೆಗೆ ಹಿಟ್ಲರನ ಚಿತ್ರ ಹಾಕುವುದು, ಅಪ್ಪ ಅದನ್ನು ತೆಗೆದು ಡ್ರಾಯರಿಗೆ ಹಾಕುವುದು, ಇವನು ಮತ್ತೆ ನೇತುಹಾಕುವುದು. ಆ ಮನೆಯ ಊಟದ ಮೇಜು ಹೇಗಿದ್ದಿರಬಹುದು ನೋಡಿ.

ಅಪ್ಪ ಅಷ್ಟು ಹೇಳಿದರೂ ಯಾಕೆ ಹೋದರು? ಮಗಳಿಗೆ ಇದು ಅರ್ಥವಾಗಲಿಲ್ಲ. ನನಗೆ ಸ್ವಲ್ಪ ಆಯಿತು. ಹೈಸ್ಕೂಲಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದೆ. ಆಗಸ್ಟ್ 15ರ ಹಿಂದಿನ ರಾತ್ರಿ ಬಿಳಿ ಶೂಗೆ ಸೀಮೆಸುಣ್ಣ ಬಳಿದು ಕಿಟಕಿಯಲ್ಲಿ ಒಣಗಲು ಇಟ್ಟು ಮಲಗುತ್ತಿದ್ದೆ. ಬೆಳಗ್ಗೆ ಜೂನಿಯರ್ ಕಾಲೇಜು ಮೈದಾನದಲ್ಲಿ "ದಾಹಿನೇ ದೇಖ್" ಅಂದ ಕೂಡಲೇ ನೂರು ಕತ್ತು ಒಟ್ಟಿಗೆ ತಿರುಗುವಾಗ ಮೈಯಲ್ಲಿ ಏನೋ ಓಡುತ್ತಿತ್ತು. ವೇದಿಕೆ ಮೇಲೆ ಯಾರಿದ್ದರು ಅಂತ ಇವತ್ತಿಗೂ ನೆನಪಿಲ್ಲ. ನಮ್ಮ ಎನ್‌ಸಿಸಿಯನ್ನು ಅದಕ್ಕೆ ಹೋಲಿಸುತ್ತಿದ್ದೇನೆ ಅಂದುಕೊಳ್ಳಬೇಡಿ, ಅದೇ ಬೇರೆ ಇದೇ ಬೇರೆ. ಆದರೆ ಹೆಜ್ಜೆಗೆ ಹೆಜ್ಜೆ ಕೂಡಿದಾಗ ಆಗುವ ಖುಷಿ ನನಗೆ ಗೊತ್ತು. 12 ವರ್ಷದ ಹುಡುಗಿಗೆ ಅಪ್ಪನ ರಾಜಕೀಯಕ್ಕಿಂತ ಅದು ದೊಡ್ಡದು. ಅಲ್ಲಿ ಟೆಂಟು, ಬೆಂಕಿ ಸುತ್ತ ಹಾಡು, ಕಾಡಿನಲ್ಲಿ ನಡಿಗೆ ಬೇರೆ ಇದ್ದವು.

ಬಿರುಕು ಬಿಟ್ಟಿದ್ದಾದರೂ ಯಾವುದರಿಂದ? ನಾನು ದೊಡ್ಡ ಕಾರಣ ಇರಬಹುದು ಅಂದುಕೊಂಡಿದ್ದೆ. ಅಕ್ಕ ಇಂಗೆ ಆಮೇಲೆ ಬರೆದ ನೆನಪುಗಳನ್ನು ನೋಡಿದರೆ ಸಿಗುವುದೆಲ್ಲ ಸಣ್ಣಪುಟ್ಟ ಸಂಗತಿಗಳು. ಹಾನ್ಸ್ ಗಿಟಾರ್ ಹಿಡಿದು ರಷ್ಯದ, ನಾರ್ವೆಯ ಹಾಡು ಹೇಳುತ್ತಿದ್ದ. ಜರ್ಮನ್ ಹಾಡಷ್ಟೇ ಹಾಡು ಅಂತ ಮೇಲಿನವರು ಗದರಿದರು. ಇಷ್ಟಪಟ್ಟು ಓದುತ್ತಿದ್ದ ಪುಸ್ತಕ ಕಿತ್ತುಕೊಂಡರು, ಬರೆದವನು ಯಹೂದಿ. ನ್ಯೂರೆಂಬರ್ಗ್‌ನ ದೊಡ್ಡ ಸಮಾವೇಶಕ್ಕೆ ಉಲ್ಮ್‌ನ ಬಾವುಟ ಹಿಡಿಯಲು ಅವನನ್ನೇ ಆರಿಸಿದ್ದರು. ಕುಣಿಯುತ್ತಾ ಹೋದವನು ಮಂಕಾಗಿ ವಾಪಸ್ ಬಂದ. ದಿನವಿಡೀ ಕವಾಯತು, ಒಂದೇ ಥರದ ಮಾತು, ಒಂದೇ ಥರದ ಜೋಕು. ಆಮೇಲೆ ಅವನ ತಂಡದ ಹುಡುಗರು ತಾವೇ ಹೊಲಿದುಕೊಂಡ ಬಾವುಟವನ್ನು ಒಪ್ಪಿಸಿ ಅಂತ ಮೇಲಧಿಕಾರಿ ಕೇಳಿದ. ಬಾವುಟ ಹಿಡಿದಿದ್ದ 12 ವರ್ಷದ ಹುಡುಗ ಕೊಡಲಿಲ್ಲ. ಅಧಿಕಾರಿ ಜೋರು ಮಾಡಿದ. ಹಾನ್ಸ್ ಮುಂದೆ ಬಂದು ಅವನ ಕೆನ್ನೆಗೆ ಬಾರಿಸಿದ. ನಾಯಕನ ಪಟ್ಟ ಅವತ್ತಿಗೆ ಹೋಯಿತು.

ಸೋಫಿಯದು ಇನ್ನೂ ನಿಧಾನ. ಅವಳ ಕ್ಲಾಸಿನಲ್ಲಿ ಯಹೂದಿ ಗೆಳತಿಯರಿದ್ದರು. ಹೊಂಬಣ್ಣದ ಕೂದಲು, ನೀಲಿ ಕಣ್ಣಿರುವ ಅವಳನ್ನು ದಳಕ್ಕೆ ಸೇರಿಸಲ್ಲ, ಕಪ್ಪು ಕೂದಲಿನ ನನ್ನನ್ನು ಸೇರಿಸಿಕೊಂಡಿದ್ದಾರೆ, ಇದ್ಯಾವ ಲೆಕ್ಕ ಅಂತ ಕೇಳಿದ್ದಳು. ಕೇಳಿದಳು ನಿಜ, ಬಿಟ್ಟು ಬರಲಿಲ್ಲ. 1937ರಲ್ಲಿ ಅವಳ ಕನ್ಫರ್ಮೇಷನ್ ಆಯಿತು. ನಮ್ಮ ಉಪನಯನದ ಥರ ಅನ್ನಿ. ಚರ್ಚಿಗೂ ದಳದ ಯೂನಿಫಾರ್ಮಿನಲ್ಲೇ ಹೋಗಿದ್ದಳಂತೆ.

ಅದೇ ವರ್ಷ ನವೆಂಬರಿನಲ್ಲಿ ಹಿಟ್ಲರನ ಗುಪ್ತ ಪೊಲೀಸ್, ಗೆಸ್ಟಾಪೊ, ಮನೆಗೆ ಬಂತು. ನಿಷೇಧವಾಗಿದ್ದ ಹಳೆಯ ಯುವಕ ಸಂಘದ ಜೊತೆ ನಂಟು ಇಟ್ಟುಕೊಂಡಿದ್ದಾರೆ ಅಂತ ಆರೋಪ. ಅಕ್ಕ, ತಮ್ಮ, ಸೋಫಿ ಮೂವರನ್ನೂ ಹಿಡಿದರು. ಸೋಫಿಯನ್ನು ಕೂಡಲೇ ಬಿಟ್ಟರು. ಸೈನ್ಯದಲ್ಲಿದ್ದ ಹಾನ್ಸ್ ಡಿಸೆಂಬರಿನಲ್ಲಿ ಸಿಕ್ಕಿಬಿದ್ದ. 1943ರಲ್ಲಿ ವಿಚಾರಣೆ ಮಾಡಿದ ಅಧಿಕಾರಿಗೆ ಸೋಫಿ ಹೇಳಿದ್ದು ಇದನ್ನೇ: ನನ್ನ ಮನಸ್ಸು ಮುರಿಯಲು ಮುಖ್ಯ ಕಾರಣ ನನ್ನ ಅಣ್ಣ ಅಕ್ಕ ತಮ್ಮನನ್ನು ನೀವು ಹಿಡಿದುಕೊಂಡು ಹೋದದ್ದು. ಇದು ಅವರ ಕಡತದಲ್ಲೇ ಇದೆ. ಅವಳನ್ನು ದೂರ ಮಾಡಿಕೊಂಡವರು ಅವರೇ. ಆಮೇಲೂ ಯೂನಿಫಾರ್ಮ್ ಅವಳು ಒಂದೇ ದಿನಕ್ಕೆ ಕಳಚಲಿಲ್ಲ. ಮಗಳು "ಹಾಗಾದ್ರೆ ಯಾವತ್ತು ಬದಲಾದಳು, ತಾರೀಕು ಹೇಳು" ಅಂತ ನನ್ನ ತಲೆ ತಿಂದಳು. ತಾರೀಕು ಎಲ್ಲಿಂದ ತರಲಿ?

ಯುದ್ಧ ಬಂದ ಮೇಲಿನ ಒಂದು ಸಂಗತಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಸೋಫಿ ಪ್ರೀತಿಸುತ್ತಿದ್ದ ಹುಡುಗ ಫ್ರಿಟ್ಜ್ ಹಾರ್ಟ್‌ನಾಗೆಲ್ ಜರ್ಮನ್ ಸೈನ್ಯದಲ್ಲೇ ಅಧಿಕಾರಿ. 1941-42ರ ಚಳಿಗಾಲದಲ್ಲಿ ರಷ್ಯದ ರಣರಂಗದಲ್ಲಿರುವ ಸೈನಿಕರಿಗೆ ಸ್ವೆಟರು, ಕೋಟು, ಕೈಗವಸು ಕೊಡಿ ಅಂತ ದೇಶವಿಡೀ ಬೇಡಿದರು. ಸೋಫಿ ಕೊಡಲ್ಲ ಅಂದಳು. ಫ್ರಿಟ್ಜ್‌ಗೆ ಸಿಟ್ಟು ಬಂತು. ಅಲ್ಲಿ ಕೈಗವಸಿಲ್ಲದೆ ನಿಂತವರ ಗತಿ ನಿನಗೆ ಗೊತ್ತಾ ಅಂದ. ಜರ್ಮನ್ನರು ಚಳಿಗೆ ಸಾಯಲಿ, ರಷ್ಯನ್ನರು ಸಾಯಲಿ, ಎರಡೂ ಅಷ್ಟೇ ಕೆಟ್ಟದ್ದು. ಆದರೆ ಈ ಯುದ್ಧ ನಾವು ಸೋಲಲೇಬೇಕು, ಉಣ್ಣೆ ಬಟ್ಟೆ ಕೊಟ್ಟರೆ ಅದನ್ನು ಉದ್ದ ಮಾಡಿದ ಹಾಗೆ ಅಂತ ಅವಳ ವಾದ. ಫ್ರಿಟ್ಜ್ ಮುಂದೆ ತಾನೇ ಇದನ್ನು ಹೇಳಿಕೊಂಡಿದ್ದಾನೆ. ಕರಪತ್ರ ಹಂಚುವುದು ಧೈರ್ಯ, ಒಪ್ಪುತ್ತೇನೆ. ಆದರೆ ಮದುವೆಯಾಗುವ ಹುಡುಗನ ಮುಖ ನೋಡಿಕೊಂಡು ಈ ಮಾತು ಹೇಳುವುದಿದೆಯಲ್ಲ, ನನ್ನಿಂದ ಆಗುತ್ತಿರಲಿಲ್ಲ. ಅವಳು ಹೇಳಿದ್ದು ಪೂರಾ ಸರಿ ಅನ್ನಲೂ ನನಗೆ ನಾಲಿಗೆ ಏಳುವುದಿಲ್ಲ. ಒಂದು ವರ್ಷ ಕಳೆಯುವುದರೊಳಗೆ ಫ್ರಿಟ್ಜ್ ಸ್ಟಾಲಿನ್‌ಗ್ರಾಡ್‌ನಲ್ಲಿದ್ದ. ಹಿಮದಲ್ಲಿ ಕೈ ಮರಗಟ್ಟಿ, 1943ರ ಜನವರಿಯಲ್ಲಿ ವಿಮಾನ ಹತ್ತಿ ಹೊರಬಂದ. ಅವನಿನ್ನೂ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಇಲ್ಲಿ ಸೋಫಿಯ ಕಥೆ ಮುಗಿಯಿತು.

ಕರಪತ್ರದ ಭಾಗ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. 1942ರ ಜೂನ್, ಜುಲೈನಲ್ಲಿ ಮೆಡಿಕಲ್ ಓದುತ್ತಿದ್ದ ಹಾನ್ಸ್ ಮತ್ತು ಗೆಳೆಯ ಅಲೆಕ್ಸಾಂಡರ್ ಶ್ಮೊರೆಲ್ ಮೊದಲ ನಾಲ್ಕನ್ನು ಬರೆದರು. ಹೆಸರು "ಬಿಳಿ ಗುಲಾಬಿ". ಒಂದೊಂದು ಸುಮಾರು 100 ಪ್ರತಿ, ಅಂಚೆಯಲ್ಲಿ. ಪೋಲೆಂಡಿನಲ್ಲಿ 3 ಲಕ್ಷ ಯಹೂದಿಗಳನ್ನು ಕೊಂದಿದ್ದಾರೆ ಅಂತ ಎರಡನೆಯದರಲ್ಲೇ ಇದೆ. ಆಮೇಲೆ "ನಮಗೇನೂ ಗೊತ್ತಿರಲಿಲ್ಲ" ಅಂದವರಿಗೆ ಇದನ್ನು ತೋರಿಸಬೇಕು. ಸ್ಟಾಲಿನ್‌ಗ್ರಾಡ್ ಸೋಲಿನ ನಂತರದ್ದು ಆರನೆಯದು, ಪ್ರೊಫೆಸರ್ ಕುರ್ಟ್ ಹೂಬರ್ ಬರೆದದ್ದು. ಫೆಬ್ರವರಿ 18ರ ಬೆಳಗ್ಗೆ ಅಣ್ಣ ತಂಗಿ ಅದನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದು ಕ್ಲಾಸ್‌ರೂಮುಗಳ ಬಾಗಿಲಲ್ಲಿ ಇಟ್ಟರು. ಉಳಿದ ಕಟ್ಟನ್ನು ಸೋಫಿ ಮೇಲಿನ ಮಹಡಿಯ ಕಟ್ಟೆಯಿಂದ ಒಳಾಂಗಣಕ್ಕೆ ತಳ್ಳಿದಳು. ಅಲ್ಲಿನ ಸಿಬ್ಬಂದಿ ಯಾಕೋಬ್ ಶ್ಮಿಡ್ ನೋಡಿ ಹಿಡಿದ. ಬಹುಮಾನ 3,000 ಮಾರ್ಕ್.

ಆ ಕಟ್ಟೆಯ ಹತ್ತಿರ ಅಮ್ಮನನ್ನು ಕರೆದುಕೊಂಡು ಹೋದೆವು. ಕೆಳಗೆ ವಿದ್ಯಾರ್ಥಿಗಳು ಕಾಫಿ ಕಪ್ ಹಿಡಿದುಕೊಂಡು ಫೋನಿನಲ್ಲಿ ಮುಳುಗಿದ್ದರು. ಹಿಡಿದವರನ್ನು ಎಲ್ಲಿಗೆ ಕರೆದೊಯ್ದರು ಅಂತ ಅಮ್ಮ ಕೇಳಿದಳು. ಕುಲಪತಿಯ ಹತ್ತಿರ ಅಂದೆ. ಅವನ ಹೆಸರು ವಾಲ್ಟರ್ ವೂಸ್ಟ್. ಹಿಟ್ಲರನ ಎಸ್‌ಎಸ್ ಪಡೆಯಲ್ಲೂ ದೊಡ್ಡ ಹುದ್ದೆಯಲ್ಲಿದ್ದವನು. ಓದಿದ್ದು ಏನು ಗೊತ್ತಾ? ಸಂಸ್ಕೃತ. ಋಗ್ವೇದದ ಮೇಲೆ ಸಂಶೋಧನೆ ಮಾಡಿದ ಪಂಡಿತ.

"ವೇದ ಓದಿಕೊಂಡವನಾ?" ಅಂದಳು ಅಮ್ಮ.

"ಹೂಂ."

"ಅವನೇ ಪೊಲೀಸರಿಗೆ ಕೊಟ್ಟನಾ?"

"ಹೂಂ ಅಮ್ಮ."

ಅಮ್ಮ ಬೆಂಚಿನ ಮೇಲೆ ಕೂತು ಸ್ವಲ್ಪ ನೀರು ಕುಡಿದಳು. ಆಮೇಲೆ ಕೇಳಿದ್ದು, "ಮಿಕ್ಕ ಹುಡುಗರೆಲ್ಲ ಏನು ಮಾಡ್ತಾ ಇದ್ರು?" ಅದಕ್ಕೆ ಉತ್ತರ ಹೇಳುವುದು ಇನ್ನೂ ಕಷ್ಟ. ತಲೆ ಕಡಿದ ದಿನ ಸಂಜೆ ಇದೇ ಕಟ್ಟಡದ ದೊಡ್ಡ ಸಭಾಂಗಣದಲ್ಲಿ ವಿದ್ಯಾರ್ಥಿಗಳು ಸೇರಿದ್ದರು. ಹಿಡಿದುಕೊಟ್ಟ ಶ್ಮಿಡ್‌ಗೆ ಚಪ್ಪಾಳೆ ತಟ್ಟಿದರು.

ಅವತ್ತು ಕೋರ್ಟಿನ ವಿಚಾರಣೆ ಬೆಳಗ್ಗೆ 10ಕ್ಕೆ ಶುರು, ಸಂಜೆ 5ಕ್ಕೆ ಶಿಕ್ಷೆ ಜಾರಿ. ಇವರ ಜೊತೆ ಕ್ರಿಸ್ಟೋಫ್ ಪ್ರೋಬ್‌ಸ್ಟ್ ಅನ್ನುವ 23ರ ಹುಡುಗನೂ ಹೋದ. ಅವನಿಗೆ ಮೂರು ಮಕ್ಕಳು, ಕೊನೆಯದು ಹುಟ್ಟಿ ಕೆಲವು ವಾರವಾಗಿತ್ತಷ್ಟೇ. ಶ್ಮೊರೆಲ್ ಮತ್ತು ಹೂಬರ್‌ಗೆ ಜುಲೈನಲ್ಲಿ, ಇನ್ನೊಬ್ಬ ಗೆಳೆಯ ವಿಲ್ಲಿ ಗ್ರಾಫ್‌ಗೆ ಅಕ್ಟೋಬರಿನಲ್ಲಿ ಅದೇ ಶಿಕ್ಷೆ. ಫ್ರಿಟ್ಜ್ ಯುದ್ಧ ಮುಗಿದ ಮೇಲೆ ಸೋಫಿಯ ಅಕ್ಕ ಎಲಿಸಬೆತ್‌ಳನ್ನು ಮದುವೆಯಾದ, ನ್ಯಾಯಾಧೀಶನಾದ. ಆಕೆ ತೀರಿಕೊಂಡಿದ್ದು 2020ರಲ್ಲಿ, ನೂರು ತುಂಬಿದ ಮರುದಿನ.

ಅದೇ 2020ರಲ್ಲಿ ಹ್ಯಾನೋವರ್‌ನಲ್ಲಿ ಕೊರೋನಾ ನಿಯಮದ ವಿರುದ್ಧ ವೇದಿಕೆ ಹತ್ತಿದ ಯುವತಿಯೊಬ್ಬಳು "ನನಗೆ ಸೋಫಿ ಶೋಲ್ ಥರ ಅನ್ನಿಸುತ್ತಿದೆ" ಅಂದಳು. ದೇಶಕ್ಕೆ ದೇಶವೇ ಬಯ್ದಿತು. ಮೂರ್ತಿ ಮಾಡಿ ನಿಲ್ಲಿಸಿದರೆ ಹೀಗೇ ಆಗುವುದು, ಯಾರು ಬೇಕಾದರೂ ಬಂದು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಯೂನಿಫಾರ್ಮಿನಲ್ಲಿ ಚರ್ಚಿಗೆ ಹೋದ 15ರ ಹುಡುಗಿಯ ಪಕ್ಕ ನಿಲ್ಲಲು ಯಾರಿಗೂ ಇಷ್ಟ ಇರಲ್ಲ. ಮಗಳಿಗೆ ಆ ಸ್ಲೈಡು ಹಾಕಲೇಬೇಕು ಅಂದೆ. ಹಾಕಿದಳು.

ವಾಪಸ್ ಬರುವಾಗ ಮೆಟ್ರೋದಲ್ಲಿ ಮಗಳು ನಾಲ್ಕನೇ ಕರಪತ್ರದ ಪ್ರಿಂಟ್ ತೆಗೆದು ಅಜ್ಜಿಗೆ ಕೊನೆಯ ಸಾಲು ಓದಿ ಹೇಳಲು ಹೊರಟಳು. "ನಾವು ಸುಮ್ನಿರಲ್ಲ. ನಾವು ನಿಮ್ಮ ಕೆಟ್ಟ..." ಅಲ್ಲಿಗೆ ನಿಂತಳು. ಗೆವಿಸ್ಸೆನ್ ಅನ್ನುವ ಪದಕ್ಕೆ ಅವಳಿಗೆ ಕನ್ನಡ ಸಿಗಲಿಲ್ಲ. ಮನಸ್ಸಾಕ್ಷಿ ಅಂತ ನಾನು ಎತ್ತಿಕೊಟ್ಟೆ. ಕೆಟ್ಟ ಮನಸ್ಸಾಕ್ಷಿ ಅಂದರೆ ಅರ್ಥವೇ ಬೇರೆ ಆಗುತ್ತಲ್ಲ.

"ಒಳಗಡೆ ಇರುತ್ತಲ್ಲ ಅಜ್ಜಿ, ತಪ್ಪು ಮಾಡಿದ್ರೆ ರಾತ್ರಿ ನಿದ್ದೆ ಬರಲ್ಲ, ಅದು" ಅಂದಳು ಮಗಳು.

"ಅಳುಕು ಅನ್ನು. ನಾವು ನಿಮ್ಮೊಳಗಿನ ಅಳುಕು, ನಿಮ್ಮನ್ನ ಸುಮ್ನೆ ಬಿಡಲ್ಲ. ಸರಿನಾ?" ಅಂದಳು ಅಮ್ಮ.

ಮಗಳು ಪ್ರಿಂಟಿನ ಅಂಚಿನಲ್ಲಿ ಆ ಪದವನ್ನು ಬರೆದುಕೊಂಡಳು. ಕನ್ನಡ ಅಕ್ಷರ ಅವಳಿಗೆ ಬರುವುದಿಲ್ಲ, ಜರ್ಮನ್ ಅಕ್ಷರದಲ್ಲೇ ಬರೆದಳು. ಅದರಲ್ಲಿ ಳ ಇಲ್ಲ. ಅಲುಕು ಅಂತ ಆಗಿದೆ.