ಬೇಗೂರಿನ ಸತ್ತೋರ ಕಲ್ಲು

ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲೇ ಅರ್ಧ ಜೀವ ಹೋಯಿತು. ಬೇಗೂರಿಗೆ ಹೋಗೋರು ದಯವಿಟ್ಟು ಬೆಳಿಗ್ಗೆ ಬೇಗ ಹೊರಡಿ. ನಾನು ತಲುಪಿದ್ದು ಹನ್ನೆರಡೂವರೆಗೆ, ನಾಗೇಶ್ವರ ದೇವಸ್ಥಾನದ ಗರ್ಭಗುಡಿ ಬಾಗಿಲು ಹಾಕಿಯಾಗಿತ್ತು. ಆಟೋದವನು ಮೀಟರ್ ಮೇಲೆ ನೂರು ರೂಪಾಯಿ ಕಿತ್ತಿದ್ದು ಇನ್ನೂ ಹೊಟ್ಟೆ ಉರಿಸುತ್ತಿದೆ.

ಪುಣ್ಯಕ್ಕೆ ನಾನು ನೋಡಬೇಕಿದ್ದ, ಬೆಂಗಳೂರಿನ ಹೆಸರಿರೋ ಶಾಸನದ ಕಲ್ಲು ಹೊರಗೆ ಆವರಣದಲ್ಲೇ ಇದೆ. ಗಂಗರ ಕಾಲದ್ದು, ಸುಮಾರು ಕ್ರಿ.ಶ. 890. ಹಳಗನ್ನಡದ ಲಿಪಿ ನನಗೆ ಓದೋಕೆ ಬರಲ್ಲ. ಫೋನಿನಲ್ಲಿ ಶಾಸನದ ಪಾಠ ಹಿಡಿದುಕೊಂಡು ಒಂದೊಂದೇ ಅಕ್ಷರ ಹೋಲಿಸುತ್ತಾ ಹೋದೆ. 'ಬೆಂಗುಳೂರ ಕಾಳಗದೊಳ್' ಅನ್ನೋದು ಸಿಕ್ಕಾಗ ಮೈ ಜುಮ್ಮೆಂದಿತು. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ ಶಾಲೆಯಲ್ಲಿ ಕಲಿತವರು ನಾವು. ಬಲ್ಲಾಳ ಹುಟ್ಟೋಕೆ ಇನ್ನೂರೈವತ್ತು ವರ್ಷ ಮುಂಚೆಯೇ ಇಲ್ಲಿ ಊರಿನ ಹೆಸರು ಕೂತಿದೆ!

ಪಕ್ಕದ ಕಟ್ಟೆ ಮೇಲಿದ್ದ ತಾತ ಇಷ್ಟೊತ್ತೂ ನನ್ನನ್ನೇ ನೋಡುತ್ತಿದ್ದರು.

"ಎಲ್ರೂ ಇದರ ಫೋಟೋನೇ ತೆಗೀತಾರೆ. ಏನಪ್ಪಾ ಐತೆ ಅದರಲ್ಲಿ?"

"ಬೆಂಗಳೂರಿನ ಹೆಸರು ಮೊದಲು ಸಿಕ್ಕಿದ್ದು ಇದರಲ್ಲೇ ತಾತ."

"ನಾವು ಚಿಕ್ಕೋರಿದ್ದಾಗ ಇದರ ಹತ್ರ ಆಡೋಕೆ ಬಿಡ್ತಿರಲಿಲ್ಲ. ಸತ್ತೋರ ಕಲ್ಲು ಕಣ್ರೋ, ಬನ್ನಿ ಈಚೆಗೆ ಅಂತ ನಮ್ಮವ್ವ ಬೈಯೋಳು."

ಅವರ ಅವ್ವ ಹೇಳಿದ್ದೇ ಸರಿ ಅಲ್ವಾ. ಬುಟ್ಟಣಶೆಟ್ಟಿ ಅನ್ನೋನು ಆ ಕಾಳಗದಲ್ಲಿ ಸತ್ತ, ಅದಕ್ಕೆ ಹಾಕಿಸಿದ ಕಲ್ಲು ಇದು. ಅವನ ಮನೆಯವರಿಗೆ ಬೇಕಿದ್ದದ್ದು ಅವನ ಹೆಸರು ಉಳಿಯೋದು. ಊರಿನ ಹೆಸರು ಸುಮ್ನೆ ಜೊತೆಗೆ ಬಂತು, ಜಗಳ ನಡೆದ ಜಾಗ ಅಂತ. ಈಗ ನಾವು ಅವನನ್ನು ಬಿಟ್ಟು ಆ ಒಂದು ಪದಕ್ಕೋಸ್ಕರ ಬರುತ್ತೇವೆ. ನಾನೂ ಅಷ್ಟೇ, ಮನೆಯಿಂದ ಹೊರಡುವಾಗ ಬುಟ್ಟಣ ಯಾರು ಅಂತಲೂ ಯೋಚಿಸಿರಲಿಲ್ಲ. ಇದನ್ನೆಲ್ಲಾ ತಾತನಿಗೆ ಹೇಳಿದೆ.

"ಸರಿ, ಆ ಜಗಳದಲ್ಲಿ ಗೆದ್ದೋರು ಯಾರಂತೆ?"

"ಕಲ್ಲಲ್ಲಿ ಬರೆದಿಲ್ಲ ತಾತ."

"ಸತ್ತೋನ ಕಡೆಯೋರು ತಾನೇ ಬರೆಸಿದ್ದು? ಗೆದ್ದಿದ್ರೆ ಬರೆಸ್ದೇ ಇರ್ತಿದ್ರಾ?"

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಇಬ್ಬರೂ ಟೀ ಕುಡಿದೆವು, ದುಡ್ಡು ಅವರೇ ಕೊಟ್ಟರು. ವಾಪಸ್ ಬರುವಾಗ ಬಸ್ಸು ಹತ್ತಿದೆ.