ತಿಮ್ಮನ ಎದೆ ಕೊನೆಗೂ ಪೂರ್ತಿ ಮೇಲೆದ್ದು ಬಂತು

ನಿನ್ನೆ ಸಂಜೆ ತಿಮ್ಮನ ಎದೆ ಒತ್ತಿದೆ, ಬಿಟ್ಟೆ. ಪೂರ್ತಿ ಮೇಲೆ ಬಂತು. ಮತ್ತೆ ಒತ್ತಿದೆ. ಮತ್ತೆ ಬಂತು. ಇನ್ನೂರು ಸಲ ಒತ್ತಿ ನಿಲ್ಲಿಸಿದಾಗ ಅಂಗಿ ಬೆನ್ನಿಗೆ ಅಂಟಿತ್ತು, ಮನಸ್ಸು ಹಗುರವಾಗಿತ್ತು. ಐದು ತಿಂಗಳ ಕೆಲಸ ಇದು. ಇದು ನಾಲ್ಕನೇ ಎದೆ.

ತಿಮ್ಮ ಅಂದ್ರೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ನೆರವು, ಕಲಿಸೋದಕ್ಕೆ ನಾನು ಕಟ್ಟುತ್ತಿರುವ ಗೊಂಬೆ. ಹೆಸರಿಟ್ಟಿದ್ದು ಪಕ್ಕದ ಮನೆ ಮಕ್ಕಳು. ತಲೆ, ಬಟ್ಟೆ ಅಂಗಡಿಯವರು ಎಸೆದ ಗೊಂಬೆಯದು, ಮೈ ಪ್ಲೈವುಡ್, ಚರ್ಮ ಹಳೇ ಸೀಟಿನ ರೆಕ್ಸಿನ್. ಅದನ್ನೆಲ್ಲ ಹೇಗೆ ಜೋಡಿಸಿದೆ ಅಂತ ಇಲ್ಲಿ ಬರೆಯುವುದಿಲ್ಲ. ಗೊಂಬೆ ಕಟ್ಟಿದವರಿಗೆ ಅದು ಗೊತ್ತಿರುವ ವಿಷಯ. ನನ್ನ ನಿದ್ದೆ ಕೆಡಿಸಿದ್ದು ಎದೆ ಒಂದೇ.

ಯಾಕೆ ಇಷ್ಟು ಹಟ ಅಂತ ಮೊದಲು ಹೇಳಿಬಿಡ್ತೇನೆ. ನಮ್ಮದು ಶಿರಸಿಯಿಂದ ಒಳಗಿನ ಊರು. 108ಕ್ಕೆ ಫೋನ್ ಮಾಡಿದರೆ ಅವರು ಎಷ್ಟೇ ಬೇಗ ಹೊರಟರೂ ನಮ್ಮ ಅಂಗಳ ಮುಟ್ಟಲು ಅರ್ಧ ಗಂಟೆ ಬೇಕು. ಹೃದಯ ನಿಂತ ಮೇಲೆ ಮಿದುಳು ನಾಲ್ಕಾರು ನಿಮಿಷಕ್ಕೇ ಕೆಡಲು ಶುರುವಾಗತ್ತೆ. ಎರಡು ವರ್ಷದ ಹಿಂದೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಪಕ್ಕದ ಮನೆ ಮಾವ ಕುಳಿತಲ್ಲೇ ವಾಲಿದರು. ಹದಿನೈದು ಜನ ಇದ್ದರು. ಒಬ್ಬರು ನೀರು ಚಿಮುಕಿಸಿದರು, ಒಬ್ಬರು ಅಂಗಾಲು ತಿಕ್ಕಿದರು, ಯಾರೋ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು. ನಾಲ್ಕೈದು ಸೆಕೆಂಡಿಗೊಮ್ಮೆ ಗೊರಕೆಯ ಹಾಗೆ ಶಬ್ದ ಬರ್ತಾ ಇತ್ತಂತೆ. "ಉಸಿರಾಡ್ತಾ ಇದಾರೆ, ಏನೂ ಆಗಲ್ಲ" ಅಂತ ಎಲ್ಲರೂ ಸಮಾಧಾನ ಮಾಡಿಕೊಂಡರು. ಅದು ಉಸಿರಲ್ಲ. ಹೃದಯ ನಿಂತ ಮೊದಲ ಕೆಲವು ನಿಮಿಷ ಹಾಗೆ ಬಾಯಿ ತೆರೆದು ಎಳೆಯುವ ಶಬ್ದ ಬರಬಹುದು. ಎಚ್ಚರ ಇಲ್ಲ, ಉಸಿರು ಸರಿಯಾಗಿಲ್ಲ ಅಂದ ತಕ್ಷಣ ಒತ್ತಲು ಶುರು ಮಾಡಬೇಕು. ಅಲ್ಲಿದ್ದ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಅವರ ತಪ್ಪೂ ಅಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ನಾನು ಎರಡು ದಿನದ ತರಬೇತಿಗೆ ಹೋಗಿ ಬಂದೆ. ಮೂವತ್ತು ಜನಕ್ಕೆ ಒಂದೇ ಗೊಂಬೆ. ಒಬ್ಬೊಬ್ಬರಿಗೆ ಸಿಕ್ಕಿದ್ದು ಎರಡು ನಿಮಿಷ. ಈಜು ಕಲಿಯಲು ಎರಡು ನಿಮಿಷ ಸಾಕಾ? ಅಲ್ಲೇ ನಿರ್ಧಾರ ಮಾಡಿದೆ, ನಮ್ಮೂರಿಗೆ ನಮ್ಮದೇ ಗೊಂಬೆ ಬೇಕು ಅಂತ. 1960ರಲ್ಲಿ ಸಿಪಿಆರ್ ಕಲಿಸುವ ಮೊದಲ ಗೊಂಬೆ ಮಾಡಿದ ನಾರ್ವೆಯ ಆಸ್ಮಂಡ್ ಲೇರ್ಡಾಲ್ ಕೂಡ ಆಟಿಕೆ ಮಾಡುತ್ತಿದ್ದವರು, ಡಾಕ್ಟರಲ್ಲ. ಅದನ್ನು ಓದಿದ ಮೇಲೆ ನನ್ನ ಧೈರ್ಯ ಹೆಚ್ಚಾಯಿತು.

ಈಗ ಎದೆಗೆ ಬರೋಣ. ದೊಡ್ಡವರ ಎದೆ ಪ್ರತಿ ಸಲ 5 ಸೆಂ.ಮೀ. ಇಳಿಯಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. ಇದು ಎಲ್ಲರ ಬಾಯಲ್ಲೂ ಇದೆ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಬೇಕು ಅನ್ನೋದನ್ನು ಮಾತ್ರ ಜಾಸ್ತಿ ಜನ ಮರೆಯುತ್ತಾರೆ. ಎದೆ ಮೇಲೇಳುವಾಗಲೇ ಹೃದಯಕ್ಕೆ ರಕ್ತ ತುಂಬೋದು. ಭಾರ ಬಿಡದೆ ಒರಗಿಕೊಂಡೇ ಒತ್ತಿದರೆ ಅರ್ಧ ಖಾಲಿ ಹೃದಯ ಹಿಂಡಿದ ಹಾಗೆ. ಅದಕ್ಕೇ ನನ್ನ ಮೊದಲ ಎದೆ, ಅಂದರೆ ಹಾಸಿಗೆಯ ಸ್ಪಂಜಿನದ್ದು, ಎರಡೇ ವಾರಕ್ಕೆ ಮೂಲೆಗೆ ಹೋಯಿತು. ಒತ್ತಿದ ಸ್ಪಂಜು ನಿಧಾನಕ್ಕೆ ಏಳತ್ತೆ, ನೂರು ಒತ್ತಾದ ಮೇಲೆ ಏಳುವುದನ್ನೇ ಬಿಡತ್ತೆ. ಅದರ ಮೇಲೆ ಕಲಿತ ಕೈ ತಪ್ಪನ್ನೇ ಕಲಿಯತ್ತೆ.

ಎರಡನೇ ಎದೆಗೆ ಬೈಕಿನ ಹಿಂದಿನ ಶಾಕ್‌ನ ಸ್ಪ್ರಿಂಗ್ ಹಾಕಿದೆ. 68 ಕೆಜಿಯ ನಾನು ಪೂರ್ತಿ ಭಾರ ಬಿಟ್ಟರೂ 3 ಸೆಂ.ಮೀ. ಚಿಲ್ಲರೆ ಇಳಿಯಿತು, ಅಷ್ಟೇ. ಮನುಷ್ಯರ ಎದೆ ಒಬ್ಬರದ್ದೊಂದು ಥರ, ಆದರೂ 5 ಸೆಂ.ಮೀ.ಗೆ ಸುಮಾರು 45 ಕೆಜಿ ಭಾರ ಅಂತ ಇಟ್ಟುಕೊಂಡರೆ ಕಲಿಯುವವರಿಗೆ ಸರಿಯಾದ ಅನುಭವ ಬರತ್ತೆ. ಲೆಕ್ಕ ಹಾಕಿದೆ: ತಂತಿ 5 ಎಂ.ಎಂ., ಸುರುಳಿಯ ಮಧ್ಯದ ಅಡ್ಡಳತೆ 50 ಎಂ.ಎಂ., ಕೆಲಸ ಮಾಡುವ ಸುತ್ತು ಐದೂವರೆ, ಉದ್ದ 110 ಎಂ.ಎಂ. ಪ್ರತಿ ಎಂ.ಎಂ. ಇಳಿಯಲು ಸುಮಾರು 9 ನ್ಯೂಟನ್, ಅಂದರೆ ಹತ್ತಿರ ಹತ್ತಿರ ಒಂದು ಕೆಜಿ ಭಾರ ಬರತ್ತೆ. ಚೀಟಿಯಲ್ಲಿ ಚಿತ್ರ ಬರೆದು, ಹುಬ್ಬಳ್ಳಿಯಲ್ಲಿ ಸ್ಪ್ರಿಂಗ್ ಸುತ್ತುವ ಒಂದು ಅಂಗಡಿಗೆ ಕೊಟ್ಟು ಬಂದೆ.

ಹತ್ತು ದಿನ ಅಂದವರು ಇಪ್ಪತ್ತಾರನೇ ದಿನ ಕೊಟ್ಟರು. ಮನೆಗೆ ತಂದು ಒತ್ತಿದರೆ ಬೆಣ್ಣೆ! ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದೆ. ತಂತಿ 4 ಎಂ.ಎಂ. ಫೋನ್ ಮಾಡಿದರೆ "5ರದ್ದು ಖಾಲಿ ಇತ್ತು ಸರ್, ಒಂದೇ ಎಂ.ಎಂ. ತಾನೇ" ಅಂತ ಉತ್ತರ. ಒಂದು ಎಂ.ಎಂ. ಅಲ್ಲ ಸ್ವಾಮಿ ಅದು! ಸ್ಪ್ರಿಂಗಿನ ಬಲ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಹೋಗತ್ತೆ. 5×5×5×5 ಅಂದರೆ 625, 4×4×4×4 ಅಂದರೆ 256. ಬಲ ಅರ್ಧಕ್ಕಿಂತ ಕಡಿಮೆ. 18 ಕೆಜಿಗೇ 5 ಸೆಂ.ಮೀ. ಇಳಿದುಬಿಡತ್ತೆ. ಅಷ್ಟು ಮೆತ್ತಗಿನ ಎದೆಯ ಮೇಲೆ ಕಲಿತವರು ನಿಜವಾದ ಮನುಷ್ಯರ ಎದೆ ಮುಟ್ಟಿದಾಗ ಹೆದರಿ ಕೈ ಸಡಿಲ ಬಿಡುತ್ತಾರೆ. ಸ್ಪ್ರಿಂಗ್ ಮಾಡಿಸುವವರು ದಯವಿಟ್ಟು ವರ್ನಿಯರ್ ಜೇಬಲ್ಲಿಟ್ಟುಕೊಂಡೇ ಹೋಗಿ, ದುಡ್ಡು ಕೊಡೋ ಮೊದಲು ಅಳೆಯಿರಿ.

ಸರಿಯಾದ ಸ್ಪ್ರಿಂಗ್ ಬಂದ ಮೇಲೆ ನಿಜವಾದ ತಲೆನೋವು ಶುರುವಾಯಿತು. ಸ್ಪ್ರಿಂಗ್ ಆಚೀಚೆ ವಾಲಬಾರದು ಅಂತ 75 ಎಂ.ಎಂ. ಪಿವಿಸಿ ಪೈಪಿನೊಳಗೆ 63ರ ಪೈಪು ಇಳಿಯುವ ಹಾಗೆ ಮಾಡಿದ್ದೆ, ನಡುವಿನ ಸಂದಿಗೆ ನೈಲಾನ್ ಪಟ್ಟಿ. ನೇರವಾಗಿ ಒತ್ತಿದರೆ ಚೆನ್ನಾಗಿ ಇಳೀತಾ ಇತ್ತು. ಕೈ ಎರಡು ಬೆರಳು ಪಕ್ಕಕ್ಕೆ ಸರಿದರೆ ಸಾಕು, ಕಚ್ಚಿಕೊಂಡು ಅಲ್ಲೇ ನಿಲ್ಲೋದು. ಒಳಗೆ ಎಣ್ಣೆ ಬಿಟ್ಟೆ. ಗ್ರೀಸ್ ಹಚ್ಚಿದೆ. ಮೇಣ ತಿಕ್ಕಿದೆ. ಸಣ್ಣ ಮರಳು ಕಾಗದದಲ್ಲಿ ಉಜ್ಜಿದೆ. ಒಂದು ದಿನ ಸರಿ ಇದ್ದರೆ ಮರುದಿನ ಮತ್ತೆ ಅದೇ ಕಥೆ. ಆರು ವಾರ ಹೋಯಿತು ಇದರಲ್ಲೇ.

ಈ ಗಂಟು ಬಿಡಿಸಿದ್ದು ಅಮ್ಮ. ಜಗುಲಿಯಲ್ಲಿ ಕೂತು ನೋಡ್ತಾ ಇದ್ದವರು, "ಚಕ್ಕುಲಿ ಒರಳು ಸೊಟ್ಟ ಹಿಡಿದ ಹಾಗೆ ಆಗ್ತಾ ಇದ್ಯಲ್ಲೋ. ಅದಕ್ಕೆ ಎಣ್ಣೆ ಹಚ್ಚಿ ಏನು ಪ್ರಯೋಜನ?" ಅಂದರು. ಅಷ್ಟೇ ಮಾತು. ಒಳಗಿನಿಂದ ಹಿತ್ತಾಳೆಯ ಒರಳು ತಂದು ನೋಡಿದೆ. ಹಿಟ್ಟು ಪೂರ್ತಿ ತುಂಬಿದಾಗ ಒತ್ತುವ ಭಾಗ ತುದಿಯಷ್ಟೇ ಒಳಗಿರತ್ತೆ, ಆಗ ಬೇಗ ಸೊಟ್ಟ ಹೋಗತ್ತೆ. ಆಳಕ್ಕೆ ಇಳಿದ ಮೇಲೆ ಸೊಟ್ಟ ಹೋಗೋದೇ ಇಲ್ಲ. ನನ್ನ ಪೈಪುಗಳು ಒಂದರೊಳಗೊಂದು ಇದ್ದದ್ದು 6 ಸೆಂ.ಮೀ. ಮಾತ್ರ. ಪೈಪಿನ ಅಗಲವೇ ಅದಕ್ಕಿಂತ ಜಾಸ್ತಿ! ಜಾರುವ ಭಾಗ ಅಗಲದ ಒಂದೂವರೆ ಪಟ್ಟಾದರೂ ಒಳಗಿರಬೇಕು. ತಿಮ್ಮನ ಎದೆಯ ಎತ್ತರವೇ 20 ಸೆಂ.ಮೀ., ಅಷ್ಟು ಜಾಗ ಎಲ್ಲಿಂದ ತರೋದು?

ಹಾಗಾಗಿ ಪೈಪನ್ನೇ ಕಿತ್ತು ಹಾಕಿದೆ. ಈಗ ಎದೆ ಅಂದ್ರೆ 36 ಸೆಂ.ಮೀ. ಉದ್ದದ ಒಂದು ಹಲಗೆ. ಒಂದು ತುದಿಗೆ ಬಾಗಿಲಿಗೆ ಹಾಕುವ ಬಿಜಾಗರಿ ಎರಡು. ಕೆಳಗೆ ಸ್ಪ್ರಿಂಗ್. ಜಾರೋದೇ ಇಲ್ಲ, ಹಾಗಾಗಿ ಕಚ್ಚಿಕೊಳ್ಳೋದೂ ಇಲ್ಲ. ಬಿಟ್ಟಾಗ ಹಲಗೆ ಒಂಚೂರು ಮೇಲ್ಮುಖವಾಗಿ ನಿಲ್ಲತ್ತೆ, ಅರ್ಧ ಒತ್ತಿದಾಗ ಮಟ್ಟವಾಗತ್ತೆ.

ಬಿಜಾಗರಿ ಯಾವ ಕಡೆ ಅನ್ನೋದು ಮುಖ್ಯ, ಇದನ್ನು ಗಮನಿಸಿ. ಮೊದಲು ಕುತ್ತಿಗೆ ಕಡೆ ಹಾಕಿದ್ದೆ. ಆಗ ಕೈ ಹೊಟ್ಟೆಯ ಕಡೆ ಜಾರಿದಷ್ಟೂ ಒತ್ತಲು ಸುಲಭ. ಅಂದರೆ ತಪ್ಪು ಜಾಗಕ್ಕೆ ಗೊಂಬೆಯೇ ಶಭಾಸ್ ಅಂದ ಹಾಗೆ. ಹೊಟ್ಟೆಯ ಕಡೆಗೆ ಬದಲಾಯಿಸಿದೆ. ಈಗ ಸ್ಪ್ರಿಂಗ್ ಬಿಜಾಗರಿಯಿಂದ 22 ಸೆಂ.ಮೀ. ದೂರದಲ್ಲಿ, ಎದೆಮೂಳೆಯ ಕೆಳ ಅರ್ಧ ಬರುವ ಜಾಗದಲ್ಲೇ ಇದೆ. ಕೈ ಅಲ್ಲಿದ್ದರೆ 46 ಕೆಜಿ ಸಾಕು. 7 ಸೆಂ.ಮೀ. ಹೊಟ್ಟೆ ಕಡೆ ಜಾರಿದರೆ ಹಲಗೆ ಅಷ್ಟೇ ಇಳಿಯಲು ಸುಮಾರು 67 ಕೆಜಿ ಬೇಕು. ಒತ್ತುವವರ ಕೈ ತಾನಾಗೇ ಎದೆಯ ನಡುವಿಗೆ ವಾಪಸ್ ಬರತ್ತೆ. ನಾನು ಬಾಯಲ್ಲಿ ಹತ್ತು ಸಲ ಹೇಳೋದನ್ನು ಹಲಗೆ ಹೇಳಿಕೊಡತ್ತೆ.

ಹಲಗೆ ಓರೆಯಾಗಿ ಇಳಿಯುವುದರಿಂದ ಸ್ಪ್ರಿಂಗಿನ ತಲೆಗೆ ಗುಂಡಗಿನ ಕುಳಿತುಕೊಳ್ಳುವ ಜಾಗ ಬೇಕು. ತೆಂಗಿನ ಕರಟ ಇಟ್ಟೆ. ತೊಂಬತ್ತನೇ ಒತ್ತಿಗೆ ಚಟ್ ಅಂತ ಒಡೆಯಿತು. ಆಮೇಲೆ ನಮ್ಮ ಆಚಾರಿ ಹಲಸಿನ ಮರದಲ್ಲಿ ಅದೇ ಆಕಾರ ಕಡೆದು ಕೊಟ್ಟರು. ತೂಕ ನೋಡಿದ್ದು ಅಡಿಕೆ ಚೀಲ ತೂಗುವ ಯಂತ್ರದ ಮೇಲೆ: ತಿಮ್ಮನನ್ನು ಅದರ ಮೇಲೆ ಮಲಗಿಸಿ, ಸೊನ್ನೆ ಮಾಡಿ, 5 ಸೆಂ.ಮೀ. ಗುರುತು ಬರುವವರೆಗೆ ಒತ್ತಿ ಅಂಕಿ ಓದುವುದು. ಹತ್ತು ಸಲ ಓದಿದೆ, ಎಲ್ಲವೂ 45ರಿಂದ 47ರ ಒಳಗೆ.

ಇವತ್ತು ಭಾನುವಾರ ಅಲ್ವಾ, ಬೆಳಿಗ್ಗೆ ಅಂಗಳದಲ್ಲಿ ತಿಮ್ಮನನ್ನು ಮಲಗಿಸಿದೆ. ಹನ್ನೊಂದು ಜನ ಬಂದರು. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಇಬ್ಬರು, ಅವತ್ತು ಚಪ್ಪರದಲ್ಲಿ ವಾಲಿದ ಮಾವನ ಮನೆಯ ಅತ್ತೆ, ಹೈಸ್ಕೂಲು ಹುಡುಗರು. ಮೊದಲ ಪ್ರಶ್ನೆ, "ಎದೆ ನೋವು ಅಂದವರಿಗೆಲ್ಲ ಒತ್ತಬೇಕಾ?" ಬೇಡ. ಮಾತಾಡ್ತಾ ಇದ್ದರೆ ಕೂರಿಸಿ, ನಡೆಸಬೇಡಿ, 108ಕ್ಕೆ ಫೋನ್ ಮಾಡಿ. ಒತ್ತುವುದು ಎಚ್ಚರ ತಪ್ಪಿ, ಉಸಿರು ನಿಂತವರಿಗೆ ಅಥವಾ ಉಸಿರು ಸರಿಯಾಗಿಲ್ಲದವರಿಗೆ. ಇನ್ನೊಂದು ಪ್ರಶ್ನೆ, ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಕೇಸ್ ಆಗತ್ತಾ ಅಂತ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿದೆ, ಒಳ್ಳೆ ಮನಸ್ಸಿಂದ ನೆರವಿಗೆ ಹೋದವರಿಗೆ ರಕ್ಷಣೆ ಇದೆ ಅಂತ ಹೇಳಿದೆ.

ಒತ್ತಲು ಶುರು ಮಾಡಿದ ಮೇಲೆ ನಾನು ಎಣಿಸಿರದ ಒಂದು ತೊಂದರೆ ಕಂಡಿತು. ಎಲ್ಲರೂ ಹತ್ತರವರೆಗೆ ಸರಿಯಾದ ವೇಗದಲ್ಲಿ ಇರ್ತಾರೆ, ಆಮೇಲೆ ನಿಧಾನ. ಸುಸ್ತು ಅಂದುಕೊಂಡೆ. ಅಲ್ಲ, ಎಣಿಕೆ! "ಹದಿನಾಲ್ಕು, ಹದಿನೈದು, ಇಪ್ಪತ್ತೊಂಬತ್ತು" ಅಂತ ಬಾಯಿಬಿಟ್ಟು ಹೇಳಿ ಮುಗಿಯುವವರೆಗೆ ಕೈ ಕಾಯ್ತಾ ನಿಲ್ಲತ್ತೆ. "ಒಂದ್, ಎರ್ಡ್, ಮೂರ್" ಅಂತ ಹತ್ತರವರೆಗೆ ಹೇಳಿ ಮತ್ತೆ ಒಂದರಿಂದ ಶುರು ಮಾಡಿಸಿದೆ. ಫೋನಿನಲ್ಲಿ ನಿಮಿಷಕ್ಕೆ 110ರಂತೆ ಬಡಿಯುವ ತಾಳಕ್ಕೆ ಸರಿಯಾಗಿ ಕೂತಿತು. ಕನ್ನಡದಲ್ಲಿ ಕಲಿಸುವವರೆಲ್ಲ ಇದನ್ನು ಪ್ರಯತ್ನಿಸಿ ನೋಡಿ.

ಅತ್ತೆ ಕೊನೆಗೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿಯೂರಿ, ಮೊಣಕೈ ನೇರ ಮಾಡಿ ಒತ್ತಿದರು. ಎರಡು ನಿಮಿಷ ನಿಲ್ಲಿಸಲೇ ಇಲ್ಲ. ಹುಡುಗರು ಎಣಿಸ್ತಾ ಇದ್ದರು. ಮುಗಿದ ಮೇಲೆ ತಿಮ್ಮನ ರೆಕ್ಸಿನ್ ಮೇಲೆ ಕೈ ಇಟ್ಟುಕೊಂಡೇ, "ಇಷ್ಟು ಜೋರಾಗಿ ಒತ್ತಬೇಕಿತ್ತಾ?" ಅಂತ ಕೇಳಿದರು. ನನಗೆ ಮಾತು ಹೊರಡಲಿಲ್ಲ. ಹೌದು ಅತ್ತೆ ಅಂದೆ. ಅವರು ಇನ್ನೊಂದು ಸುತ್ತು ಒತ್ತುತ್ತೇನೆ ಅಂದರು.

ಮುಂದಿನದು ರಕ್ತ ಸುರಿಯುವ ಕೈ. ಇಲ್ಲಿ ಕತ್ತಿ ಗಾಯ, ಕಳೆ ಕೊಚ್ಚುವ ಯಂತ್ರದ ಗಾಯ ವಾರಕ್ಕೊಂದು. ಜನ ಕಾಫಿಪುಡಿ ಹಾಕ್ತಾರೆ, ಸುಣ್ಣ ಹಾಕ್ತಾರೆ, ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡ್ತಾರೆ. ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಎತ್ತದೆ ಬಿಗಿಯಾಗಿ ಒತ್ತುವುದನ್ನು ಕೈಗೆ ಕಲಿಸಬೇಕು. ಸ್ಪಂಜಿನ ಕೈ, ಒಳಗೆ ಡ್ರಿಪ್ ಪೈಪು, ಕಾರಿನ ಗಾಜಿಗೆ ನೀರು ಚಿಮ್ಮುವ ಪಂಪು, ರಕ್ತಕ್ಕೆ ಮುರುಗಲು ರಸ. ಸರಿಯಾಗಿ ಒತ್ತಿದರೆ ಮಾತ್ರ ಹರಿವು ನಿಲ್ಲಬೇಕು. ಮೂಲೆಗೆ ಹೋದ ಹಳೇ ಸ್ಪಂಜು ಇಲ್ಲಿ ಉಪಯೋಗಕ್ಕೆ ಬರತ್ತೆ. ಅದಾದ ಮೇಲೆ ಅಡಿಕೆ ದಬ್ಬೆಯಲ್ಲಿ ಮುರಿದ ಕಾಲಿಗೆ ಆಸರೆ ಕಟ್ಟುವುದು. ಹಾವು ಕಚ್ಚಿದ ಕೈಕಾಲು ಅಲುಗದ ಹಾಗೆ ಇಡಲೂ ಅದೇ ದಬ್ಬೆ ಸಾಕು, ಹಗ್ಗ ಬಿಗಿಯುವುದು ಬೇಡ, ಕೊಯ್ಯುವುದು ಬೇಡ.

ತಿಮ್ಮನಲ್ಲಿ ಬಾಕಿ ಇರೋದು ಎರಡು ಕೆಲಸ. 5 ಸೆಂ.ಮೀ.ಗೆ ಹಸಿರು ದೀಪ, 6 ದಾಟಿದರೆ ಬಜರ್. ಅದಕ್ಕೆ ತರಿಸಿದ ಮೈಕ್ರೋ ಸ್ವಿಚ್‌ಗಳು, ಅಂದರೆ ತಾಗಿದರೆ ಕೆಲಸ ಮಾಡುವ ಪುಟ್ಟ ಸ್ವಿಚ್‌ಗಳು, ಒತ್ತುವ ಕಡ್ಡಿ ಇಲ್ಲದವು ಬಂದಿದ್ದವು, ವಾಪಸ್ ಕಳಿಸಿದ್ದೇನೆ. ಇನ್ನೊಂದು, ಬಿಜಾಗರಿಯ ಸ್ಕ್ರೂ ಇವತ್ತಿನ ಒತ್ತಿಗೇ ಸಡಿಲವಾಗಿವೆ. ನಾಳೆ ಅವನ್ನು ತೆಗೆದು, ಹಲಗೆ ತೂತು ಮಾಡಿ ನಟ್ಟು ಬೋಲ್ಟು ಹಾಕುತ್ತೇನೆ. ಅತ್ತೆ ಬುಧವಾರ ಮತ್ತೆ ಬರ್ತಾರಂತೆ.